ಚಳಿಯೇ ಆಗದ ಗಂಡನಿಗೆ

ಮಹಡಿ ಮನೆ, ಕಿಟಕಿ ಪಕ್ಕದ ಮೇಜು
ಜನವರಿ ೧೮, ಬೆಳಗ್ಗೆ

ನನ್ನ ಪ್ರೀತಿಯ, ನನ್ನೊಬ್ಬಳಿಗೇ ಸೇರಿದ, ಚಳಿ ಎಂಬುದೇ ಆಗದ ಗಂಡನಿಗೆ,

ಹೇಗಿದ್ದೀರಿ? ಎದೆ ಹೇಗಿದೆ? ಕೆಮ್ಮು ಬಂತೇ? ಬೆರಳ ತುದಿಗಳಿಗೆ ಮುಟ್ಟಿದ್ದು ತಿಳಿಯುತ್ತಿದೆಯೇ? ಕೇಳಿಬಿಟ್ಟೆ, ಆದರೆ ಉತ್ತರ ಬರೆಯಬೇಡಿ ರೀ. ನೀವು ಏನು ಬರೆಯುತ್ತೀರೆಂದು ನನಗೆ ಬಾಯಿಪಾಠ. “ಬೆಚ್ಚಗಿದ್ದೀನಿ ಮೇಡಂ, ಈ ಬನಿಯನ್ನು ಮೈಮೇಲಿದ್ರೆ ನೀವೇ ತಬ್ಕೊಂಡ ಹಾಗಿರತ್ತೆ.” ಈ ಸಾಲು ಮೊದಲ ಸಲ ಬಂದಾಗ ನಾನು ಕಾಗದಕ್ಕೆ ಮುತ್ತು ಕೊಟ್ಟು, ಕೋಣೆಯ ತುಂಬ ಕುಣಿದು, ಕೆಳಮನೆಯವರು ಪೊರಕೆಯ ಹಿಡಿಯಿಂದ ತಮ್ಮ ಸೂರು ಕುಟ್ಟುವ ತನಕ ನಿಲ್ಲಿಸಿರಲಿಲ್ಲ. ಮದುವೆಯಾಗಿ ಮೂರು ತಿಂಗಳಾಗಿಲ್ಲ, ಗಂಡ ಮೇಲೆ ಬೆಟ್ಟದ ರಸ್ತೆಯಲ್ಲಿ ಹಿಮ ತೆಗೆಯುತ್ತಿದ್ದಾನೆ, ಹೆಂಡತಿ ಪರೀಕ್ಷಿಸಿದ ಬಟ್ಟೆ ಅವನನ್ನು ಕಾಯುತ್ತಿದೆ! ನನಗಿಂತ ಸುಖಿ ಈ ಊರಿನಲ್ಲಿ ಯಾರಿದ್ದಾರೆ ಎಂದುಕೊಂಡಿದ್ದೆ. ಈಗ ಅದೇ ಕಾಗದವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ. ಕಣ್ಣಿಗೆ ಬೀಳದಿರಲಿ ಎಂದು.

ಹೇಳಬೇಕಾದ್ದನ್ನು ಮೊದಲೇ ಹೇಳುತ್ತೇನೆ. ಒಮ್ಮೆ ಬೆವರಿದ ಮೇಲೆ ಆ ಬನಿಯನ್ನು ಬೆಚ್ಚಗಿರುವುದಿಲ್ಲ. ಅದು ನನಗೆ ಈಗ ಗೊತ್ತು, ನಿಮಗೆ ಮೊದಲಿನಿಂದಲೂ ಗೊತ್ತು. ಮೀಸೆ ಮಾವ ಎಲ್ಲವನ್ನೂ ಹೇಳಿಬಿಟ್ಟರು. ನಿಮ್ಮ ತಂಡದ ಹಿರಿಯರಾದ ಅವರನ್ನು ದಿನಸಿ ಗಾಡಿಯಲ್ಲಿ ಮಲಗಿಸಿ ಕೆಳಕ್ಕೆ ಕಳಿಸಿದಿರಲ್ಲ, ಅವರು ಇಲ್ಲಿಯ ದೊಡ್ಡಾಸ್ಪತ್ರೆಯಲ್ಲಿದ್ದಾರೆ. ಎರಡೂ ಕಡೆಯ ಶ್ವಾಸಕೋಶಕ್ಕೆ ನ್ಯುಮೋನಿಯಾ. ಸುದ್ದಿ ತಿಳಿದ ಕೂಡಲೇ ಗಂಜಿ ತೆಗೆದುಕೊಂಡು ಓಡಿದೆ. ಅಷ್ಟು ದೊಡ್ಡ ಮನುಷ್ಯ ಆ ಕಬ್ಬಿಣದ ಮಂಚದ ಮೇಲೆ ಮಡಚಿಟ್ಟ ಬಟ್ಟೆಯ ಹಾಗೆ ಕಾಣುತ್ತಿದ್ದರು. ಮೀಸೆ ಮಾತ್ರ ಹಾಗೇ ಇತ್ತು. ಆಮ್ಲಜನಕದ ಮುಖವಾಡದ ಎರಡೂ ಬದಿಗೆ ಇಣುಕುತ್ತಿದ್ದ ಆ ಮೀಸೆಯನ್ನು ನೋಡಿ ನನಗೆ ನಗು ಬಂತು, ಆಮೇಲೆ ಅಳು ಬಂತು. ಮುಖವಾಡ ಸರಿಸಿ ಅವರೇ ನನ್ನನ್ನು ಸಮಾಧಾನ ಮಾಡಿದರು. “ಅಳಬೇಡ್ವೇ ಹುಚ್ಚಿ, ನಿನ್ ಗಂಡ ಗಟ್ಟಿ ಇದಾನೆ.”

ನಮ್ಮ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿಕೊಂಡು ಬಂದಿದ್ದೇನೆ ಗೊತ್ತೇ? ಗೆಳತಿಯರಿಗೆ, ಹಾಲಿನವಳಿಗೆ, ಕೇಳಲೇ ಇಲ್ಲದ ಬಸ್ಸಿನ ಪಕ್ಕದ ಸೀಟಿನವರಿಗೆ. ಬಟ್ಟೆ ಪರೀಕ್ಷೆಯ ಲ್ಯಾಬಿನಲ್ಲಿ ನಾನು ಹೊಸಬಳು. ಬಿದಿರಿನ ತಿರುಳಿನ ನೂಲಿನಿಂದ ಹೆಣೆದ ಬನಿಯನ್ನು ನನ್ನ ಮೊದಲ ಕೆಲಸ. ತೊಟ್ಟು ನೋಡಿ ಹೇಳುವುದಕ್ಕೆ ಮೈ ಮುರಿದು ದುಡಿಯುವ ಜನ ಬೇಕೆಂದು ರಸ್ತೆ ಇಲಾಖೆಯಿಂದ ನಿಮ್ಮ ತಂಡವನ್ನು ಕರೆಸಿದ್ದರು. ಚಳಿ ತುಂಬಿದ ಚೇಂಬರಿನೊಳಗೆ ಮರದ ಮೆಟ್ಟಿಲ ಮೇಲೆ ಹತ್ತಿ ಇಳಿದು ಹತ್ತಿ ಇಳಿದು ಬೆವರುವುದು, ಆಮೇಲೆ ಸಾಲಾಗಿ ಕುರ್ಚಿಯಲ್ಲಿ ಕದಲದೆ ಕೂರುವುದು, ಕೂತಲ್ಲೇ ಚೀಟಿಯ ಮೇಲೆ ಗುರುತು ಹಾಕುವುದು. ಚಳಿ, ತುಸು ಚಳಿ, ಹಿತ, ತುಸು ಸೆಕೆ, ಸೆಕೆ. ದಪ್ಪ ಗಾಜಿನ ಈಚೆ ಗಡಿಯಾರ ಹಿಡಿದು ನಿಂತವಳು ನಾನು, ಆಚೆ ಕೊನೆಯ ಕುರ್ಚಿಯಲ್ಲಿ ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡು, ನನ್ನನ್ನೇ ನೋಡುತ್ತಿದ್ದವರು ನೀವು. ಎಂಥ ಸಂಕೋಚದ ಹುಡುಗ, ಕೈ ಎಲ್ಲಿಡಬೇಕೆಂದೂ ತಿಳಿಯದು ಎಂದುಕೊಂಡು ನಾನು ಕರಗಿಹೋಗುತ್ತಿದ್ದೆ. ಹೊರಗೆ ಬಂದು ಚೀಟಿ ಕೊಡುವಾಗ ನಿಮ್ಮದು ಯಾವಾಗಲೂ ಒಂದೇ ಮಾತು: “ಹಿತವಾಗಿದೆ ಮೇಡಂ.” ಆ ಮಾತಿಗೇ ನಾನು ನಿಮ್ಮನ್ನು ಮದುವೆಯಾದದ್ದು ರೀ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ‘ಹಿತ’ ಎಂಬ ಪದ ಇಷ್ಟು ಚೆನ್ನಾಗಿದೆ ಎಂದು ಹೇಳಿಕೊಟ್ಟವರೇ ಇರಲಿಲ್ಲ.

ಈಗ ಮೀಸೆ ಮಾವ ಹೇಳಿದ್ದನ್ನು ಕೇಳಿ. ಮಾತಿಗೊಮ್ಮೆ ಕೆಮ್ಮುತ್ತ, ಕೆಮ್ಮಿಗೊಮ್ಮೆ ನಗುತ್ತ ಹೇಳಿದರು. “ಗಾಜಿನಾಚೆ ನೀನು ನಿಂತ್ರೆ ಇವನಿಗೆ ಇಹಪರದ ಪರಿವೆ ಇರ್ತಿರಲಿಲ್ಲ ಕಣಮ್ಮ. ನಾವೇ ಹೊರಗಡೆ ಟೀ ಕುಡೀತಾ ಮಾತಾಡ್ಕೊಂಡ್ವಿ. ಬಟ್ಟೆ ಫೇಲ್ ಆದ್ರೆ ನಾಳೆಯಿಂದ ನಮ್ಮನ್ನ ಯಾರು ಕರೀತಾರೆ? ಇವನ ಕಥೆ ಅಲ್ಲಿಗೇ ಮುಗೀತು. ಅದಕ್ಕೇ ಎಲ್ರೂ ಹಿತ ಅಂತಲೇ ಗುರುತು ಹಾಕೋದು ಅಂತಾಯ್ತು. ಒಬ್ಬ ಹಾಕಲ್ಲ ಅಂದ, ಅವನ ಕಿವಿ ಹಿಂಡಿದೆ. ನಿನ್ ಮದ್ವೆಗೆ ಹುಡುಗನ ಕಡೆಯೋರು ಏನೂ ಕೊಟ್ಟಿಲ್ಲ ಅನ್ಕೋಬೇಡ. ನಾವಿಷ್ಟೂ ಜನ ಹಲ್ಲು ಕಟಕಟ ಅನ್ಸಿದೀವಿ.” ನನ್ನ ಮುಖ ಹೇಗಾಯಿತೋ ಏನೋ, ಅವರು ನಗು ನಿಲ್ಲಿಸಿದರು. “ಯಾರಿಗ್ಗೊತ್ತಿತ್ತು ತಾಯಿ? ಪಾರ್ಕಲ್ಲಿ ಓಡಾಡೋ ಶ್ರೀಮಂತರಿಗೆ ಅಂದಿದ್ರು. ಅದೇ ಬನಿಯನ್ನು ತಿರುಗಿ ನಮ್ ಮೈಗೇ ಬರತ್ತೆ ಅಂತ ಕನಸು ಬಿದ್ದಿತ್ತಾ?” ಅಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡರು. ಗಂಜಿ ತಣ್ಣಗಾಯಿತು. ಅವರಿಗೂ ಬೇಡವಾಯಿತು, ನನಗೂ ಬೇಡವಾಯಿತು.

ನಾನು ಅಲ್ಲಿಂದ ನೇರವಾಗಿ ಲ್ಯಾಬಿಗೆ ಹೋದೆ. ಬಿಸಿ ತಟ್ಟೆಯ ಯಂತ್ರ ಪರೀಕ್ಷೆಯ ದಿನವೇ ಸತ್ಯ ಹೇಳಿತ್ತು ರೀ. ಒಣಗಿದ ಬನಿಯನ್ನು ಹಾಸಿದರೆ ತಟ್ಟೆಯ ಬಿಸಿ ಚೆನ್ನಾಗಿ ಉಳಿಯುತ್ತಿತ್ತು, ನೀರು ಹನಿಸಿದರೆ ಸರ್ರನೆ ಹೊರಟುಹೋಗುತ್ತಿತ್ತು. ಆದರೆ ನಮ್ಮ ಸಾಹೇಬರು “ತಟ್ಟೆ ಬಟ್ಟೆ ಹಾಕ್ಕೊಳ್ಳಲ್ಲಮ್ಮ, ಮನುಷ್ಯರು ಹಾಕ್ಕೊಳ್ಳೋದು, ಅವರು ಹಿತ ಅಂದ್ರೆ ಹಿತ” ಎಂದರು. ನಿಮ್ಮೆಲ್ಲರ ಎದೆಗೆ ಅಂಟಿಸಿದ ಥರ್ಮಾಮೀಟರುಗಳು ಕೆಳಗೆ ಇಳಿದಿದ್ದವು. ಮೈ ತಣ್ಣಗಾದರೂ ಹಿತವೆನ್ನಿಸುವುದು ಈ ನೂಲಿನ ವಿಶೇಷ ಗುಣ ಎಂದು ಅವರು ವರದಿಯಲ್ಲಿ ಬರೆಸಿದರು. ಹೆಮ್ಮೆಯಿಂದ ಬರೆದವಳು ನಾನೇ, ಆ ವರದಿ ನೋಡಿಯೇ ರಸ್ತೆ ಇಲಾಖೆ ನಿಮಗೆಲ್ಲ ಇದನ್ನೇ ಕೊಂಡಿತು. ಒದ್ದೆಯಾದರೆ ಬಿಸಿ ನಿಲ್ಲದಿರುವುದಕ್ಕೆ ಕಾರಣ ಬಹಳ ಸರಳ. ಹೆಣಿಗೆ ಬಟ್ಟೆಯಲ್ಲಿ ನಮ್ಮನ್ನು ಬೆಚ್ಚಗಿಡುವುದು ನೂಲಲ್ಲ, ಕುಣಿಕೆ ಕುಣಿಕೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಗಿಡದ ನಾರಿಗೆ ನೀರೆಂದರೆ ಪ್ರಾಣ. ಬೆವರನ್ನೆಲ್ಲ ಕುಡಿದು ಉಬ್ಬುತ್ತದೆ, ಗಾಳಿ ಇದ್ದ ಜಾಗವೆಲ್ಲ ನೀರಾಗುತ್ತದೆ. ನೀರು ಮೈಯ ಬಿಸಿಯನ್ನು ಹೊರಗೆ ಸಾಗಿಸುತ್ತದೆ. ಪಾರ್ಕಿನಲ್ಲಿ ನಡೆದು ಮನೆಗೆ ಬಂದು ಸ್ನಾನ ಮಾಡುವವರಿಗೆ ಅದರಷ್ಟು ಹಗುರವಾದ, ಉಸಿರಾಡುವ ಬಟ್ಟೆ ಇನ್ನೊಂದಿಲ್ಲ. ಗುದ್ದಲಿ ಹಿಡಿದು ಹಿಮ ಬಗೆದು, ಬೆವರಿ ತೊಪ್ಪೆಯಾಗಿ, ಆಮೇಲೆ ಮುಂದಿನ ಯಂತ್ರ ಬರುವ ತನಕ ಗಾಳಿಯಲ್ಲಿ ನಿಲ್ಲುವವರಿಗೆ ಅದು ಬಟ್ಟೆಯೇ ಅಲ್ಲ.

ಚೇಂಬರಿಗೆ ಚಳಿ ಬಿಟ್ಟು, ನಿಮ್ಮ ಅಳತೆಯ ಬನಿಯನ್ನು ತೊಟ್ಟು ಒಳಗೆ ಹೋದೆ. ನನ್ನ ಮೊಣಕಾಲಿನ ತನಕ ಬಂತು, ನೋಡಿದ್ದರೆ ನಕ್ಕುಬಿಡುತ್ತಿದ್ದಿರಿ. ಮೆಟ್ಟಿಲು ಹತ್ತಿದೆ, ಇಳಿದೆ, ಬೆನ್ನಲ್ಲಿ ಬೆವರು ಇಳಿಯುವ ತನಕ. ಆಮೇಲೆ ನಿಮ್ಮ ಕುರ್ಚಿಯಲ್ಲಿ ಕೂತೆ. ಮೊದಲು ಏನೂ ಇಲ್ಲ. ಆಮೇಲೆ ಯಾರೋ ಎದೆಯ ಮೇಲೆ ಒದ್ದೆ ಕೈ ಇಟ್ಟ ಹಾಗಾಯಿತು. ಇಟ್ಟವರು ತೆಗೆಯಲೇ ಇಲ್ಲ. ಆ ಕೈ ಬೆನ್ನಿಗೂ ಬಂತು, ಪಕ್ಕೆಗಳ ಸಂದಿಯಲ್ಲಿ ಬೆರಳಾಡಿಸಿತು. ದವಡೆ ತಾನಾಗಿ ಕುಣಿಯಿತು. ನನ್ನ ಅಂಗೈಗಳು ನನ್ನನ್ನು ಕೇಳದೆಯೇ ತೊಡೆಯ ಕೆಳಗೆ ಹೋಗಿ ಅಡಗಿಕೊಂಡವು. ಆಗ ಗಾಜಿನ ಕಡೆ ನೋಡಿದೆ. ಆಚೆ ಯಾರೂ ಇರಲಿಲ್ಲ. ನಾನು ನಿಲ್ಲುತ್ತಿದ್ದ ಜಾಗದಲ್ಲಿ ಖಾಲಿ ನೆಲ, ಒಂದು ಕಸದ ಬುಟ್ಟಿ. ನೀವು ಇದೇ ಕುರ್ಚಿಯಲ್ಲಿ ಕೂತು, ಇಂಥ ಚಳಿಯಲ್ಲಿ, ನನ್ನನ್ನು ನೋಡಿ ನಗುತ್ತಿದ್ದಿರಿ. ನನ್ನ ಜೀವನದಲ್ಲಿ ಯಾರೂ ನನ್ನನ್ನು ಇಷ್ಟು ಪ್ರೀತಿಸಿಲ್ಲ. ಅದನ್ನು ನೆನೆದರೆ ಕಿರುಚಬೇಕೆನ್ನಿಸುತ್ತದೆ.

ಒದ್ದೆ ಬನಿಯನ್ನಿನಲ್ಲೇ ಸಾಹೇಬರ ಕೋಣೆಗೆ ಹೋದೆ. ಅವರ ಮೇಜಿನ ಮೇಲೆ ಇನ್ನೂ ಆ ಗಾಜಿನ ಕುಂಡ ಇದೆ. ನಮ್ಮ ಬನಿಯನ್ನಿನ ತುಂಡೊಂದನ್ನು ಹೂತಿಟ್ಟು, ಅದು ಕರಗಿ ಮಣ್ಣಾದದ್ದನ್ನು ಬಂದವರಿಗೆಲ್ಲ ತೋರಿಸುತ್ತಾರಲ್ಲ, ಅದೇ. ಭೂಮಿಗೆ ಒಂದಿಷ್ಟೂ ನೋವಾಗದ ಬಟ್ಟೆ ಎಂದು ನಾನೂ ಎಷ್ಟು ಸಲ ಹೇಳಿದ್ದೇನೆ! ಪರೀಕ್ಷೆ ಸುಳ್ಳು, ಬನಿಯನ್ನುಗಳನ್ನು ವಾಪಸ್ ತರಿಸಿ, ಉಣ್ಣೆಯದು ಕಳಿಸಿ ಎಂದೆ. ಹಳೆಯ ಉಣ್ಣೆ ಬನಿಯನ್ನುಗಳನ್ನು ಇಲಾಖೆಯವರು ಆಗಲೇ ಕತ್ತರಿಸಿ ಹಾಸಿಗೆಗೆ ತುಂಬಿಸಿಬಿಟ್ಟಿದ್ದಾರಂತೆ. ಸಾಹೇಬರು ಕೂಗಾಡಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. “ನೋಡಮ್ಮ, ಮೀಸೆಯವನಿಗೆ ವಯಸ್ಸಾಗಿದೆ, ಸಿಗರೇಟು ಬೇರೆ ಸೇದ್ತಾನೆ. ಮಿಕ್ಕೋರೆಲ್ಲ ಚೆನ್ನಾಗೇ ಇದಾರಲ್ಲ. ಇಲಾಖೆಯ ಇಂಜಿನಿಯರು ಪ್ರತಿ ವಾರ ವೈರ್‌ಲೆಸ್ಸಲ್ಲಿ ಕೇಳ್ತಾರೆ, ಬಟ್ಟೆ ಹೇಗಿದೆ ಅಂತ. ಹಿತವಾಗಿದೆ ಅಂತಲೇ ಉತ್ತರ ಬರ್ತಿದೆ. ಹೇಳ್ತಿರೋನು ಯಾರು? ಈಗ ತಂಡದ ಮೇಸ್ತ್ರಿ ನಿನ್ ಗಂಡ. ಹಾಕ್ಕೊಂಡೋನೇ ಹಿತ ಅಂದ್ರೆ, ಬಿಸಿ ಕೋಣೇಲಿ ಕೂತಿರೋ ನೀನು ಚಳಿ ಅಂದ್ರೆ ಯಾರು ಕೇಳ್ತಾರೆ?” ನಾನೇ ಇಂಜಿನಿಯರ ಹತ್ತಿರ ಹೋಗುತ್ತೇನೆ ಎಂದೆ. “ಹೋಗು. ಹೋಗೋ ಮುಂಚೆ ನಿನ್ ಮೇಜು ಖಾಲಿ ಮಾಡ್ಕೊಂಡು ಹೋಗು” ಎಂದರು. ಖಾಲಿ ಮಾಡಿಕೊಂಡೇ ಹೋದೆ ರೀ. ನನ್ನ ಲೋಟ, ನಿಮ್ಮ ಫೋಟೋ, ಕತ್ತರಿ. ಇಂಜಿನಿಯರು ನನ್ನನ್ನು ಕೂರಿಸಿ ಟೀ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಸಾಹೇಬರ ಮಾತನ್ನೇ ಹೇಳಿದರು. ಮೇಲೆ ಕ್ಯಾಂಪಿನಲ್ಲಿರುವವರು ಚಳಿ ಎಂದರೆ ಮಾರನೆಯ ದಿನವೇ ಹೊಸ ಉಣ್ಣೆ ಬಟ್ಟೆ ಕೊಂಡು ಕಳಿಸಬಹುದು, ಅದಕ್ಕೆ ದಾರಿ ಇದೆ. ಯಾರೂ ಹೇಳದೆ ಕಳಿಸುವುದಕ್ಕೆ ದಾರಿ ಇಲ್ಲ. ವೈರ್‌ಲೆಸ್ಸಿನಲ್ಲಿ ನಾನೇ ಒಮ್ಮೆ ಮಾತಾಡುತ್ತೇನೆ ಎಂದು ಕೈ ಮುಗಿದೆ. ಮನೆಯವರಿಗೆ ಕೊಡುವ ಹಾಗಿಲ್ಲವಂತೆ. ಕ್ಯಾಂಪಿನ ಫೋನು ಹಿಮ ಬಿದ್ದ ದಿನವೇ ಸತ್ತಿದೆ. ಹಾಗಾಗಿ ಈ ಕಾಗದ.

ಹಾಗಾಗಿ ನಿಮ್ಮ ಒಂದು ಮಾತಿನ ಮೇಲೆ ಎಲ್ಲ ನಿಂತಿದೆ, ಆ ಒಂದು ಮಾತನ್ನು ನೀವು ಹೇಳುವವರಲ್ಲ. ಇದೇ ನನ್ನನ್ನು ಕೊಲ್ಲುತ್ತಿರುವುದು. ಹೋದ ಸಲ ನಾನೇ ಹುಡುಕಿ ಕಳಿಸಿದ ಉಣ್ಣೆ ಸ್ವೆಟರನ್ನು ಏನು ಮಾಡಿದಿರಿ? “ಅಡುಗೆಯವನಿಗೆ ಕೊಟ್ಟೆ, ನನಗೆ ಸೆಕೆ” ಎಂದು ಬರೆದಿರಿ. ಸೆಕೆ! ಓದಿ ನಾನು ನಕ್ಕಿದ್ದೆ. ಈಗ ಕೂತು ಒಂದೊಂದನ್ನೇ ನೆನೆಸಿಕೊಳ್ಳುತ್ತಿದ್ದೇನೆ. ನಾನು ಮೊದಲ ಸಲ ಮಾಡಿದ ಕಾಫಿಗೆ ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು, ಪೂರ್ತಿ ಕುಡಿದು ಚೆನ್ನಾಗಿದೆ ಎಂದಿರಿ. ಮಂಚ ನಿಮಗೆ ಗಿಡ್ಡ, ಪಾದಗಳು ಆಚೆ ತೂಗುತ್ತವೆ, ಹೀಗೇ ಆರಾಮ ಎಂದಿರಿ. ನಾನು ಹಾಡಿದರೆ ಕೆಳಮನೆಯವರು ಕಿಟಕಿ ಮುಚ್ಚುತ್ತಾರೆ, ನೀವು ಇನ್ನೊಂದು ಹಾಡು ಎನ್ನುತ್ತೀರಿ. ನನ್ನ ಅಪ್ಪ ನಿಮ್ಮ ಕೆಲಸದ ಬಗ್ಗೆ ಅಂದ ಆ ಮಾತಿಗೂ ನೀವು ನಕ್ಕು, ಒಳ್ಳೆಯವರು ಎಂದಿರಿ. ಇದರಲ್ಲಿ ಯಾವುದು ನಿಜ ರೀ? ಒಂದಾದರೂ ನಿಜವೇ? ನಾನು ಎಂಬ ಹೆಂಡತಿ ನಿಮಗೆ ಹಿತವೇ, ಅಥವಾ ಇಲ್ಲಿಯೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೀರೋ? ಇದನ್ನು ಕೇಳಿದರೂ ನೀವು ಕೊಡುವ ಉತ್ತರ ಒಂದೇ. ನಿಮ್ಮ ಪ್ರೀತಿ ನಿಮ್ಮ ಮಾತಿನ ಬೆಲೆಯನ್ನೆಲ್ಲ ತಿಂದುಹಾಕಿದೆ. ನೀವು ಬದುಕಿದ್ದೀರಿ, ಆರೋಗ್ಯವಾಗಿದ್ದೀರಿ ಎಂದು ನಿಮ್ಮ ಕೈಬರಹದಲ್ಲೇ ಬಂದರೂ ನಾನು ನಂಬಲಾರೆ. ಜಗತ್ತಿನಲ್ಲಿ ಯಾವ ಹೆಂಡತಿಗಾದರೂ ಇಂಥ ಗತಿ ಬಂದಿದೆಯೇ?

ನನ್ನ ಕೆಲಸ ಹೋಗುತ್ತದೆ, ನನ್ನ ಹೆಸರು ಕೆಡುತ್ತದೆ ಎಂದು ನೀವು ಸುಮ್ಮನಿದ್ದಿರೆಂದು ನನಗೆ ಗೊತ್ತು. ಕೆಲಸ ಹೋಯಿತು, ಹೆಸರು ಕೆಟ್ಟಿತು. ಇನ್ನು ನನಗಾಗಿ ನೀವು ಕಾಪಾಡಬೇಕಾದ್ದು ನಿಮ್ಮೊಬ್ಬರನ್ನೇ. ತಂಡದ ಮಿಕ್ಕವರೂ ನಿಮ್ಮ ಬಾಯಿಯನ್ನೇ ನೋಡುತ್ತಾರೆ. ನೀವು ಹಿತ ಎನ್ನುವ ತನಕ ಅವರೂ ಹಿತ ಎನ್ನುತ್ತಾರೆ. ನಮ್ಮ ಮದುವೆಗೆಂದು ಒಂದು ಸಲ ನಡುಗಿದವರು, ನಿಮ್ಮ ಮಾನಕ್ಕೆಂದು ಇನ್ನೂ ನಡುಗುತ್ತಲೇ ಇದ್ದಾರೆ. ಈ ವಾರ ಇಂಜಿನಿಯರು ಕೇಳಿದಾಗ ನನ್ನ ಮುಖವನ್ನು ನೆನೆಸಿಕೊಳ್ಳಬೇಡಿ. ದಯವಿಟ್ಟು ಒಂದು ಸಲ ನನ್ನನ್ನು ಮರೆತುಬಿಡಿ. ಉಣ್ಣೆ ಬರುವ ತನಕ ಬೆವರಿದ ಕೂಡಲೇ ಬನಿಯನ್ನು ಕಳಚಿ ಒಣಗಿದ್ದನ್ನು ಹಾಕಿಕೊಳ್ಳಿ, ಒಣಗಿದ್ದಿಲ್ಲದಿದ್ದರೆ ಬರಿಮೈ ಮೇಲೆ ಕೋಟು ಹಾಕಿಕೊಳ್ಳಿ, ಒದ್ದೆಗಿಂತ ಅದೇ ವಾಸಿ. ನನಗೆ ಆಸೆಯೇ ಇಲ್ಲ ರೀ, ಆದರೂ ಬರೆಯುತ್ತಿದ್ದೇನೆ. ಬರೆಯುವುದು ನಿಲ್ಲಿಸಿದರೆ ಈ ಕೋಣೆಯಲ್ಲಿ ನಾನೊಬ್ಬಳೇ.

ತಂಡದ ಅಣ್ಣಂದಿರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಅವರ ಮೇಲೆ ನನಗೆ ಸಿಟ್ಟಿಲ್ಲವೆಂದು ಹೇಳಿ. ಕಿವಿ ಹಿಂಡಿಸಿಕೊಂಡ ಆ ಒಬ್ಬರು ಯಾರೋ, ಅವರಿಗೆ ಇನ್ನೊಂದು ನಮಸ್ಕಾರ ಹೆಚ್ಚಿಗೆ. ನಿಮ್ಮ ಕೆನ್ನೆ, ಕಿವಿ, ಹತ್ತೂ ಬೆರಳಿಗೆ ಒಂದೊಂದರಂತೆ ಮುತ್ತು. ದೇವರು ನಿಮ್ಮನ್ನು ಕಾಯಲಿ, ನಿಮಗೆ ನಿಮ್ಮನ್ನು ಕಾಯುವುದು ಬರುವುದಿಲ್ಲ.

ನಿಮ್ಮವಳೇ, ಎಂದೆಂದೂ,
ಮೇಡಂ

ತಾ. ಕ.: ಈ ಕಾಗದ ಒಯ್ಯುವ ದಿನಸಿ ಗಾಡಿ ಕೆಳಗೆ ಬಂದು ನಿಂತಿದೆ, ಹಾರ್ನ್ ಹೊಡೆಯುತ್ತಿದ್ದಾರೆ, ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸಿ. ಮೀಸೆ ಮಾವನ ಹೆಂಡತಿ ಈಗ ಮೆಟ್ಟಿಲು ಹತ್ತಿ ಬಂದರು. ಮಾವ ಇವತ್ತು ಬೆಳಗಿನ ಜಾವ ಹೋಗಿಬಿಟ್ಟರು. ಮೇಲೆ ಅವರು ಆಸ್ಪತ್ರೆಯಲ್ಲಿದ್ದಾರೆ ಎಂದು ಬರೆದಿದ್ದೇನೆ, ಅದನ್ನು ಹೊಡೆದುಹಾಕಲು ಕೈ ಬರುತ್ತಿಲ್ಲ. ಅತ್ತೆ ಅಳಲಿಲ್ಲ. “ನರ್ಸು ಇನ್ನೊಂದು ಕಂಬಳಿ ಹೊದಿಸ್ಲಾ ಅಂದ್ಳು. ಬೇಡ ತಾಯಿ, ಪಕ್ಕದೋರಿಗೆ ಕೊಡು ಅಂದ್ರು. ಮಂಚ ಅಲ್ಲಾಡೋ ಹಾಗೆ ನಡುಗ್ತಿದ್ರು” ಎಂದರು. ಮಾವನ ಉಣ್ಣೆ ಸ್ವೆಟರನ್ನು ನಿಮಗೆಂದು ಕೊಟ್ಟಿದ್ದಾರೆ. ಒಗೆದಿಲ್ಲ, ಅವರ ವಾಸನೆ ಇದೆ, ಗಾಡಿಯ ಅಕ್ಕಿ ಚೀಲದ ಮೇಲೇ ಇಡಿಸುತ್ತೇನೆ. ತಂಡದವರಿಗೆ ಸುದ್ದಿಯನ್ನು ನೀವೇ ಹೇಳಬೇಕು. ಇಂಜಿನಿಯರೂ ಕೇಳುತ್ತಾರೆ. ಏನಾಗಿ ಹೋದರು ಎಂದು ಯಾರೇ ಕೇಳಿದರೂ, ಚಳಿಯಾಗಿ ಹೋದರು ಎಂದು ಹೇಳಿ.